ಒಡವೆಯ ನಷ್ಟವನ್ನು ಹೊರುವವರು ಯಾರು? ಮಿತಾಕ್ಷರೆಯಿಂದ ವಿಮಾಪತ್ರದವರೆಗೆ

1. ಪೀಠಿಕೆ

ಬೀದರ ಜಿಲ್ಲೆಯ ಮನೆತನಗಳಲ್ಲಿ ಹೊಲಮನೆಗಳನ್ನು ಬಿಟ್ಟರೆ ಮುಖ್ಯವಾದ ಆಸ್ತಿಯೆಂದರೆ ಒಡವೆ. ಬೋರಮಾಳ, ಪುತಳಿ ಸರ, ಪಾಟಲಿ, ಬಿಲವಾರ, ಝುಮಕಿ, ನತ್ತು ಇವು ಚಿನ್ನದವು. ಡಾಬು, ಕಾಲ್ಗಡಗ, ಇಷ್ಟಲಿಂಗವನ್ನಿರಿಸುವ ಕರಡಿಗೆ ಇವು ಸಾಮಾನ್ಯವಾಗಿ ಬೆಳ್ಳಿಯವು. ಬೀದರ ನಗರದ ನೌಕರನ ಮನೆಯಲ್ಲಿಯೂ ಭಾಲ್ಕಿಯ ವ್ಯಾಪಾರಿಯ ಮನೆಯಲ್ಲಿಯೂ ಔರಾದದ ಕಡೆಯ ರೈತನ ಮನೆಯಲ್ಲಿಯೂ ಇವುಗಳ ತೂಕದಲ್ಲಿ ಹೆಚ್ಚುಕಡಿಮೆಯುಂಟು, ಉಪಯೋಗದಲ್ಲಿ ಭೇದವಿಲ್ಲ. ಮಳೆ ತಪ್ಪಿದ ವರ್ಷ ಅಡವಿಡಲು, ಮಗಳನ್ನು ಮದುವೆ ಮಾಡಿಕೊಡಲು, ಮಗನನ್ನು ಕಾಲೇಜಿಗೆ ಸೇರಿಸಲು, ರೋಗಿಯನ್ನು ಹೈದರಾಬಾದಿನ ಆಸ್ಪತ್ರೆಗೆ ಒಯ್ಯಲು ಮೊದಲು ಕೈಗೆ ಬರುವುದು ಒಡವೆಯೇ. ಇಷ್ಟು ಕೆಲಸಕ್ಕೆ ಒದಗುವ ಈ ಆಸ್ತಿಯು ಕಳವಾದರೆ, ದಾರಿಯಲ್ಲಿ ಬಿದ್ದುಹೋದರೆ, ಬೆಂಕಿಗೆ ಸಿಕ್ಕಿ ಕರಗಿದರೆ ಆ ನಷ್ಟವನ್ನು ಹೊರುವವರು ಯಾರು?

“ಬ್ಯಾಂಕಿನ ಲಾಕರಿನಲ್ಲಿ ಇಟ್ಟಿದ್ದೇವೆ” ಎಂಬುದು ಇಂದು ಸಾಮಾನ್ಯವಾಗಿ ಕೇಳಿಬರುವ ಉತ್ತರ. ಆದರೆ ಕಾಯುವುದು ಬೇರೆ, ತುಂಬಿಕೊಡುವುದು ಬೇರೆ. ಬೀಗವು ಕಾಯಬಲ್ಲದು, ಕಳೆದುದನ್ನು ತುಂಬಿಕೊಡಲಾರದು. ನಷ್ಟವನ್ನು ತುಂಬಿಕೊಡುವ ಹೊಣೆ ಯಾರದೆಂಬ ಪ್ರಶ್ನೆಯನ್ನು ನಮ್ಮ ಪ್ರಾಂತ್ಯದಲ್ಲಿಯೇ ಸುಮಾರು ಒಂಬೈನೂರು ವರ್ಷಗಳ ಹಿಂದೆ ಶಾಸ್ತ್ರೀಯವಾಗಿ ವಿಚಾರಮಾಡಿದ್ದರು. ಅಂದಿನ ವಿಚಾರವನ್ನು ಇಂದಿನ ವಿಮೆಯ ಪಕ್ಕದಲ್ಲಿಟ್ಟು ನೋಡುವುದು, ಆ ಮೂಲಕ ವಿಮಾಪತ್ರವು ಏನನ್ನು ಹೊರುತ್ತದೆ, ಏನನ್ನು ಹೊರುವುದಿಲ್ಲ ಎಂಬುದನ್ನು ಸ್ಪಷ್ಟಪಡಿಸುವುದು ಪ್ರಕೃತ ಲೇಖನದ ಉದ್ದೇಶ.

2. ಕಲ್ಯಾಣದಲ್ಲಿ ನಡೆದ ವಿಚಾರ

ಯಾಜ್ಞವಲ್ಕ್ಯಸ್ಮೃತಿಗೆ ವಿಜ್ಞಾನೇಶ್ವರನು ಬರೆದ ‘ಮಿತಾಕ್ಷರಾ’ ವ್ಯಾಖ್ಯಾನವು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯ ಕಾಲದ್ದು (1076–1126). ಗ್ರಂಥದ ಕೊನೆಯಲ್ಲಿ ಅವನು ಕಲ್ಯಾಣ ನಗರವನ್ನೂ ಅದರ ಅರಸನನ್ನೂ ಸ್ತುತಿಸಿದ್ದಾನೆ. ಆ ಕಲ್ಯಾಣವೇ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಈ ಗ್ರಂಥದ ದಾಯಭಾಗದ ವಿಚಾರವು ಜಗತ್ಪ್ರಸಿದ್ಧವಾಗಿದೆ. ಅದರ ವ್ಯವಹಾರಾಧ್ಯಾಯದಲ್ಲಿಯೇ ಬರುವ ನ್ಯಾಸ, ಅಡವು ಮತ್ತು ಕಳವುಗಳ ವಿಚಾರವನ್ನು ಅಷ್ಟಾಗಿ ಯಾರೂ ಗಮನಿಸುವುದಿಲ್ಲ. ನಮ್ಮ ವಿಷಯಕ್ಕೆ ಬೇಕಾದುದು ಈ ಎರಡನೆಯ ಭಾಗ.

ಮೊದಲನೆಯದು ನ್ಯಾಸ. ಒಳಗಿರುವ ವಸ್ತುವನ್ನು ಹೇಳದೆ, ಮುದ್ರೆಯೊತ್ತಿದ ಭರಣಿಯನ್ನು ಇನ್ನೊಬ್ಬನ ವಶಕ್ಕೆ ಕೊಟ್ಟರೆ ಅದು ‘ಉಪನಿಧಿ’. ಎಣಿಸಿ ತೋರಿಸಿ ಕೊಟ್ಟರೆ ‘ನಿಕ್ಷೇಪ’. ಉಪನಿಧಿಯನ್ನು ಪಡೆದವನು ಅದನ್ನು ಕೊಟ್ಟ ಹಾಗೆಯೇ ಹಿಂದಿರುಗಿಸಬೇಕು. ಆದರೆ ಅರಸನಿಂದ, ದೈವದಿಂದ ಅಥವಾ ಕಳ್ಳರಿಂದ ಅದು ಹೋದರೆ ಅವನು ತುಂಬಿಕೊಡಬೇಕಾಗಿಲ್ಲ. ಒಡೆಯನು ಕೇಳಿದಾಗ ಕೊಡದೆ ಇಟ್ಟುಕೊಂಡು, ಆಮೇಲೆ ಅದು ನಷ್ಟವಾದರೆ ಮಾತ್ರ ಬೆಲೆಯ ಜೊತೆಗೆ ಅಷ್ಟೇ ದಂಡವನ್ನೂ ತೆರಬೇಕು.

ಎರಡನೆಯದು ‘ಆಧಿ’, ಎಂದರೆ ಅಡವು. ಅಡವಿಟ್ಟುಕೊಂಡವನ ವಶದಲ್ಲಿ ವಸ್ತುವು ಹಾಳಾದರೆ ಅಥವಾ ಕಳೆದುಹೋದರೆ ಅವನು ತುಂಬಿಕೊಡಬೇಕು. ಇಲ್ಲಿ ವಿನಾಯಿತಿಯಿರುವುದು ದೈವ ಮತ್ತು ಅರಸ ಇವೆರಡಕ್ಕೇ; ಉಪನಿಧಿಯಲ್ಲಿ ಹೇಳಿದ ‘ಕಳ್ಳ’ ಎಂಬ ಮಾತು ಇಲ್ಲಿಲ್ಲ. ಸಾಲ ಕೊಟ್ಟವನು ತನ್ನ ಲಾಭಕ್ಕಾಗಿ ವಸ್ತುವನ್ನು ಇಟ್ಟುಕೊಂಡಿದ್ದಾನೆ; ಉಪನಿಧಿಯನ್ನು ಕಾಯುವವನು ಇನ್ನೊಬ್ಬನ ಹಿತಕ್ಕಾಗಿ ಇಟ್ಟುಕೊಂಡಿದ್ದಾನೆ. ಹೊಣೆಯ ಭಾರವು ಹೀಗೆ ಲಾಭವನ್ನು ಅನುಸರಿಸಿತೆಂದು ನಾವು ಊಹಿಸಬಹುದು.

ಮೂರನೆಯದು ಕಳವು. ಕಳ್ಳರು ಒಯ್ದ ಸೊತ್ತನ್ನು ಅರಸನು ಪ್ರಜೆಗೆ ಹಿಂದಿರುಗಿಸಿ ಕೊಡಬೇಕೆಂಬುದು ಸ್ಮೃತಿಯ ಸಾಮಾನ್ಯ ನಿಯಮ. ಸಿಕ್ಕದಿದ್ದರೆ ಬೊಕ್ಕಸದಿಂದ ಕೊಡಬೇಕೆಂದು ಗೌತಮ ಧರ್ಮಸೂತ್ರವು ಹೇಳುತ್ತದೆ. ಇದಕ್ಕಿಂತ ಕುತೂಹಲಕರವಾದುದು ಗ್ರಾಮದ ಹೊಣೆ. ಯಾವ ಊರಿನ ಸೀಮೆಯಲ್ಲಿ ಕಳವಾಯಿತೋ ಆ ಊರು ನಷ್ಟವನ್ನು ಕೊಡಬೇಕು. ಇಲ್ಲವೆ ಕಳ್ಳನ ಹೆಜ್ಜೆಯ ಜಾಡು ಯಾವ ಊರನ್ನು ಸೇರಿತೋ ಆ ಊರು ಕೊಡಬೇಕು. ಕಳವು ಊರುಗಳ ಮಧ್ಯದ ಬಯಲಿನಲ್ಲಿ, ಒಂದು ಕ್ರೋಶದಾಚೆ ಆಗಿದ್ದರೆ ಸುತ್ತಲಿನ ಐದು ಅಥವಾ ಹತ್ತು ಊರುಗಳು ಕೂಡಿ ಹೊರಬೇಕು. ಒಬ್ಬನ ಮೇಲೆ ಬಿದ್ದರೆ ಅವನನ್ನು ಮುರಿಯುವ ನಷ್ಟವನ್ನು ಹಲವರ ಮೇಲೆ ಹರಡಿದರೆ ಯಾರನ್ನೂ ಮುರಿಯುವುದಿಲ್ಲ ಎಂಬ ತತ್ತ್ವವು ಇಲ್ಲಿ ಸ್ಪಷ್ಟವಾಗಿದೆ. ವಿಮೆಯ ಮೂಲತತ್ತ್ವವೂ ಇದೇ.

ಈ ಹೊಣೆಯು ಗ್ರಂಥಕ್ಕೆ ಮಾತ್ರ ಸೀಮಿತವಾದುದಲ್ಲವೆಂಬುದಕ್ಕೆ ವಿಜಯನಗರಕ್ಕೆ ಬಂದ ಪೋರ್ತುಗೀಸ ನೂನಿಜ್‌ನ ಬರೆಹವು ಸಾಕ್ಷಿ. ದಾರಿಯಲ್ಲಿ ಸುಲಿಗೆಯಾಯಿತೆಂದು ಯಾರಾದರೂ ದೂರು ಕೊಟ್ಟರೆ ಅರಸನು ಆ ಪ್ರಾಂತ್ಯದ ನಾಯಕನನ್ನು ಕರೆಸುವನೆಂದೂ, ಕಳ್ಳನನ್ನು ಹಿಡಿಯದಿದ್ದರೆ ನಾಯಕನ ಸೊತ್ತೇ ಮುಟ್ಟುಗೋಲಾಗಬಹುದಾಗಿತ್ತೆಂದೂ ಅವನು ಬರೆದಿದ್ದಾನೆ.

3. ಹೊಣೆಯು ರಾಜ್ಯದಿಂದ ಕರಾರಿಗೆ ಬಂದುದು

ಆಧುನಿಕ ರಾಜ್ಯವು ಕಳ್ಳನನ್ನು ಹುಡುಕಿ ದಂಡಿಸುವ ಕರ್ತವ್ಯವನ್ನು ಉಳಿಸಿಕೊಂಡಿತು. ಕಳೆದುದನ್ನು ಬೊಕ್ಕಸದಿಂದ ತುಂಬಿಕೊಡುವ ಕರ್ತವ್ಯವನ್ನು ಉಳಿಸಿಕೊಳ್ಳಲಿಲ್ಲ. ಬಿಟ್ಟುಹೋದ ಆ ಜಾಗವನ್ನು ವಿಮೆಯು ತುಂಬಿತು. ಭಾರತದಲ್ಲಿ ಸಾಮಾನ್ಯ ವಿಮೆಯ ಮೊದಲ ಕಂಪನಿಯಾದ ಟ್ರೈಟನ್ 1850ರಲ್ಲಿ ಕಲ್ಕತ್ತೆಯಲ್ಲಿ ಆರಂಭವಾಯಿತು. 1938ರಲ್ಲಿ ವಿಮಾ ಅಧಿನಿಯಮವು ಬಂದಿತು. 1973ರ ಜನವರಿ 1ರಿಂದ ಸಾಮಾನ್ಯ ವಿಮೆಯ ರಾಷ್ಟ್ರೀಕರಣವಾಗಿ, 107 ಸಂಸ್ಥೆಗಳು ನ್ಯಾಷನಲ್, ನ್ಯೂ ಇಂಡಿಯಾ, ಓರಿಯೆಂಟಲ್, ಯುನೈಟೆಡ್ ಇಂಡಿಯಾ ಎಂಬ ನಾಲ್ಕು ಕಂಪನಿಗಳಲ್ಲಿ ಸೇರಿದವು. 1999ರ ಕಾನೂನಿನಿಂದ ವಿಮಾ ನಿಯಂತ್ರಣ ಪ್ರಾಧಿಕಾರವು ಸ್ಥಾಪಿತವಾಗಿ ಖಾಸಗಿ ಕಂಪನಿಗಳಿಗೂ ಅವಕಾಶವಾಯಿತು.

ನಮ್ಮ ಜಿಲ್ಲೆಯ ಮಟ್ಟಿಗೆ ಎರಡು ಘಟನೆಗಳನ್ನು ಇಲ್ಲಿ ನೆನೆಯುವುದು ಅವಶ್ಯ. 1948ರಲ್ಲಿ ಮೊದಲು ರಜಾಕಾರರ ಹಾವಳಿಯಲ್ಲಿಯೂ, ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ತರುವಾಯ ನಡೆದ ಪ್ರತೀಕಾರದಲ್ಲಿಯೂ ಬೀದರ ಸೀಮೆಯ ಎರಡೂ ಸಮುದಾಯಗಳ ಜನರು ಪ್ರಾಣವನ್ನೂ ಸೊತ್ತನ್ನೂ ಕಳೆದುಕೊಂಡರು. ಅತಿ ಹೆಚ್ಚು ಹಾನಿಗೊಳಗಾದ ನಾಲ್ಕು ಜಿಲ್ಲೆಗಳಲ್ಲಿ ಬೀದರವೂ ಒಂದೆಂದು ಸುಂದರಲಾಲ್ ಸಮಿತಿಯು ವರದಿ ಮಾಡಿತು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ನೆರೆಯ ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪವಾಗಿ ಒಂಬತ್ತು ಸಾವಿರಕ್ಕಿಂತ ಹೆಚ್ಚು ಜನ ಸತ್ತರು. ಕಲ್ಲುಮಣ್ಣಿನ ಭಾರವಾದ ಮನೆಗಳು ಒಳಗಿದ್ದವರ ಮೇಲೆಯೇ ಕುಸಿದವು. ಭಾಲ್ಕಿ, ಔರಾದಗಳ ಹಳ್ಳಿಗಳಲ್ಲಿಯೂ ಅಂಥ ಮನೆಗಳು ಉಂಟು. ಸ್ಮೃತಿಯು ‘ಅರಸ’ ಮತ್ತು ‘ದೈವ’ ಎಂದು ಕರೆದ ಎರಡು ಆಪತ್ತುಗಳನ್ನೂ ಈ ಸೀಮೆಯು ಹೀಗೆ ಒಂದೇ ಶತಮಾನದಲ್ಲಿ ಅನುಭವಿಸಿತು. ಇಂದಿನ ಮನೆವಿಮೆಯಲ್ಲಿ ಗಲಭೆಯಿಂದಾದ ಹಾನಿಯೂ ಭೂಕಂಪದಿಂದಾದ ಹಾನಿಯೂ ಸೇರುತ್ತವೆ. ಯುದ್ಧದಿಂದಾದ ಹಾನಿಯು ಸೇರುವುದಿಲ್ಲ.

4. ಲಾಕರು ಉಪನಿಧಿ, ಚಿನ್ನದ ಸಾಲ ಆಧಿ

ಲಾಕರಿನಲ್ಲಿ ಏನಿದೆಯೆಂಬುದು ಬ್ಯಾಂಕಿಗೆ ತಿಳಿಯದು. ಆದುದರಿಂದ ಅದು ವಿಜ್ಞಾನೇಶ್ವರನು ವಿವರಿಸಿದ ಉಪನಿಧಿಯನ್ನು ಬಹಳಮಟ್ಟಿಗೆ ಹೋಲುತ್ತದೆ. 2021ರ ಫೆಬ್ರುವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಲಾಕರಿನ ಸುರಕ್ಷತೆಯ ವಿಷಯದಲ್ಲಿ ಬ್ಯಾಂಕುಗಳು ಕೈತೊಳೆದುಕೊಳ್ಳುವಂತಿಲ್ಲವೆಂದು ಹೇಳಿ, ನಿಯಮಗಳನ್ನು ಮಾಡಲು ರಿಸರ್ವ್ ಬ್ಯಾಂಕಿಗೆ ಸೂಚಿಸಿತು. ಅದೇ ವರ್ಷದ ಆಗಸ್ಟಿನಲ್ಲಿ ಹೊರಬಂದು 2022ರ ಜನವರಿ 1ರಿಂದ ಜಾರಿಗೆ ಬಂದ ನಿಯಮಗಳ ಪ್ರಕಾರ ಬೆಂಕಿ, ಕಳವು, ದರೋಡೆ, ಕಟ್ಟಡದ ಕುಸಿತ ಅಥವಾ ನೌಕರರ ಮೋಸದಿಂದ ನಷ್ಟವಾದರೆ ಬ್ಯಾಂಕಿನ ಹೊಣೆಯು ಲಾಕರಿನ ವಾರ್ಷಿಕ ಬಾಡಿಗೆಯ 100 ಪಟ್ಟು. ಭೂಕಂಪ, ಪ್ರವಾಹ, ಸಿಡಿಲು ಮುಂತಾದ ದೈವಿಕ ಕಾರಣಗಳಿಂದಾದ ನಷ್ಟಕ್ಕೆ ಬ್ಯಾಂಕು ಹೊಣೆಯಲ್ಲ. ಕಲ್ಯಾಣದಲ್ಲಿ ಬರೆದ ವಿನಾಯಿತಿಯಲ್ಲಿ ‘ದೈವ’ವು ಹಾಗೆಯೇ ಉಳಿದಿದೆ, ‘ಕಳ್ಳ’ನ ವಿಷಯದಲ್ಲಿ ಮಾತ್ರ ಬ್ಯಾಂಕು ಒಂದು ಮಿತಿಯವರೆಗೆ ಹೊಣೆಯಾಗಿದೆ.

ಈ ಮಿತಿಯು ಎಷ್ಟೆಂಬುದನ್ನು ಲೆಕ್ಕಹಾಕಿ ನೋಡಬೇಕು. ವರ್ಷಕ್ಕೆ 2,000 ರೂಪಾಯಿ ಬಾಡಿಗೆಯಾದರೆ ಗರಿಷ್ಠ ಹೊಣೆ 2 ಲಕ್ಷ ರೂಪಾಯಿ. 2025ರಲ್ಲಿ 10 ಗ್ರಾಂ ಶುದ್ಧ ಚಿನ್ನದ ಬೆಲೆಯು 1 ಲಕ್ಷ ರೂಪಾಯಿಯನ್ನು ದಾಟಿತು. ಎಂದರೆ ಆ 2 ಲಕ್ಷವು 20 ಗ್ರಾಂ ಶುದ್ಧ ಚಿನ್ನಕ್ಕೂ ಸಾಲದು. ಲಾಕರಿನಲ್ಲಿರುವ ವಸ್ತುಗಳಿಗೆ ಬ್ಯಾಂಕೇ ವಿಮೆಯನ್ನು ಮಾರಕೂಡದೆಂದೂ ಅದೇ ನಿಯಮವು ವಿಧಿಸಿತು. ಆದುದರಿಂದ ಲಾಕರಿನೊಳಗಿನ ಒಡವೆಗೂ ಬೇಕಾದವರು ಬೇರೆಯಾಗಿ ವಿಮೆಯನ್ನು ಮಾಡಿಸಬೇಕು.

ಚಿನ್ನದ ಮೇಲಿನ ಸಾಲದ ಸ್ಥಿತಿ ಬೇರೆ. ಅಲ್ಲಿ ಒಡವೆಯನ್ನು ತೂಗಿ, ಒರೆಹಚ್ಚಿ, ಪಟ್ಟಿಮಾಡಿ ಇರಿಸುತ್ತಾರೆ, ಅದು ಆಧಿ. 2024ರ ಅಕ್ಟೋಬರಿನಲ್ಲಿ ದಾವಣಗೆರೆ ಜಿಲ್ಲೆಯ ನ್ಯಾಮತಿಯ ಒಂದು ಬ್ಯಾಂಕಿನಿಂದ 17 ಕಿಲೋಗ್ರಾಮಿಗೂ ಮಿಕ್ಕ ಚಿನ್ನವು ಕಳವಾಗಿ, ಮರುವರ್ಷ ಪೊಲೀಸರಿಗೆ ದೊರೆಯಿತು. 2025ರ ಮೇ ತಿಂಗಳಲ್ಲಿ ವಿಜಯಪುರ ಜಿಲ್ಲೆಯ ಮನಗೂಳಿಯ ಒಂದು ಬ್ಯಾಂಕಿನಿಂದ 58 ಕಿಲೋಗ್ರಾಮಿಗೂ ಮಿಕ್ಕ ಒಡವೆ ಕಳವಾಯಿತು. ಅಡವಿಟ್ಟವರ ಕೈಯಲ್ಲಿ ತೂಕವನ್ನು ಬರೆದ ಚೀಟಿಯಿರುವುದರಿಂದ, ಯಾರದು ಎಷ್ಟು ಹೋಯಿತೆಂಬುದು ಇಂಥ ಪ್ರಕರಣಗಳಲ್ಲಿ ವಿವಾದದ ವಿಷಯವಾಗುವುದಿಲ್ಲ. 2025ರ ಜೂನಿನಲ್ಲಿ ರಿಸರ್ವ್ ಬ್ಯಾಂಕು ಹೊರಡಿಸಿದ ನಿರ್ದೇಶನಗಳು ಅಡವಿನ ಒಡವೆಯ ಹಾನಿ ಮತ್ತು ನಷ್ಟಗಳಿಗೆ ಸಾಲಕೊಟ್ಟ ಸಂಸ್ಥೆಯೇ ಪರಿಹಾರ ಕೊಡಬೇಕೆಂದು ವಿಧಿಸಿದವು. ಒಂದೇ ಬ್ಯಾಂಕಿನ ಒಂದೇ ಭದ್ರಕೋಣೆಯಲ್ಲಿರುವ ಎರಡು ಒಡವೆಗಳಿಗೆ ಹೀಗೆ ಎರಡು ಬಗೆಯ ಹೊಣೆ ಅಂಟಿಕೊಂಡಿದೆ. ಭೇದವನ್ನುಂಟುಮಾಡುವುದು ಕರಾರು ಮತ್ತು ವಿವರಣೆ.

5. ವಿಮಾಪತ್ರವು ಹೊರುವುದು, ಹೊರದಿರುವುದು

2021ರ ಏಪ್ರಿಲ್ 1ರಿಂದ ಎಲ್ಲ ಸಾಮಾನ್ಯ ವಿಮಾಕಂಪನಿಗಳೂ ‘ಭಾರತ ಗೃಹ ರಕ್ಷಾ’ ಎಂಬ ಏಕರೂಪದ ಮನೆವಿಮೆಯನ್ನು ಕೊಡಬೇಕೆಂದು ಪ್ರಾಧಿಕಾರವು ಗೊತ್ತುಪಡಿಸಿತು. ಬೆಂಕಿ, ಭೂಕಂಪ, ಪ್ರವಾಹ, ಸಿಡಿಲು, ಗಲಭೆ ಮೊದಲಾದವುಗಳಿಂದ ಮನೆಗೂ ಮನೆಸಾಮಾನಿಗೂ ಆಗುವ ಹಾನಿ ಇದರಲ್ಲಿ ಸೇರಿದೆ. ಆದರೆ ಒಡವೆಯು ಮನೆಸಾಮಾನಿನಲ್ಲಿ ತಾನಾಗಿಯೇ ಸೇರುವುದಿಲ್ಲ. ‘ಬೆಲೆಬಾಳುವ ವಸ್ತುಗಳು’ ಎಂಬ ಐಚ್ಛಿಕ ಭಾಗವನ್ನು ಕೇಳಿ ಪಡೆಯಬೇಕು. ಆ ಭಾಗದಲ್ಲಿ ಬೆಲೆಯನ್ನು ಮೊದಲೇ ಒಪ್ಪಿಕೊಂಡು ಬರೆಯುತ್ತಾರೆ. ಒಟ್ಟು ಮೊತ್ತವು 5 ಲಕ್ಷ ರೂಪಾಯಿಯವರೆಗಿದ್ದು, ಯಾವ ಒಂದು ವಸ್ತುವೂ 1 ಲಕ್ಷವನ್ನು ಮೀರದಿದ್ದರೆ ಮೌಲ್ಯಮಾಪನ ಪತ್ರ ಬೇಡ, ಮೀರಿದರೆ ಬೇಕು. ಚಿನ್ನದ ಗಟ್ಟಿಗಳೂ ನಾಣ್ಯಗಳೂ ಪತ್ರದಲ್ಲಿ ಸ್ಪಷ್ಟವಾಗಿ ಕಾಣಿಸದ ಹೊರತು ಒಳಗೊಳ್ಳುವುದಿಲ್ಲ.

ಇಲ್ಲಿ ಬಹುಜನರು ತಪ್ಪಾಗಿ ತಿಳಿಯುವ ಅಂಶವೊಂದಿದೆ. ಈ ಏಕರೂಪ ಪತ್ರದಲ್ಲಿ ಕಳವು ಸೇರಿರುವುದು ಬೆಂಕಿ, ಪ್ರವಾಹದಂಥ ಅನಾಹುತವಾದ 7 ದಿನಗಳೊಳಗೆ, ಆ ಅನಾಹುತದ ಕಾರಣದಿಂದಲೇ ಕಳವಾದರೆ ಮಾತ್ರ. ಯಾವ ಅನಾಹುತವೂ ಇಲ್ಲದೆ ರಾತ್ರಿ ಕಳ್ಳರು ಮನೆ ಹೊಕ್ಕು ಒಡವೆಯನ್ನು ಒಯ್ದರೆ ಅದಕ್ಕೆ ಬೇರೆ ಮನೆಗಳ್ಳತನದ ವಿಮೆಯು ಬೇಕು.

ಆ ವಿಮೆಯಲ್ಲಿಯೂ ಶಬ್ದಾರ್ಥವು ಮುಖ್ಯ. ಬಲಾತ್ಕಾರವಾಗಿ ಒಳನುಗ್ಗಿ ಮಾಡಿದ ಕಳವು ಎಂದು ಪತ್ರದಲ್ಲಿದ್ದರೆ, ಬಲಪ್ರಯೋಗದ ಕುರುಹಿಲ್ಲದ ಕಳವು ಅದರೊಳಗೆ ಬರುವುದಿಲ್ಲವೆಂದು 2004ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿತು. ಧರ್ಮಶಾಸ್ತ್ರವೂ ಮರೆಯಲ್ಲಿ ಮಾಡುವ ‘ಸ್ತೇಯ’ವನ್ನು ಬಲಾತ್ಕಾರದಿಂದ ಮಾಡುವ ‘ಸಾಹಸ’ದಿಂದ ಬೇರ್ಪಡಿಸಿತ್ತು, ಅಲ್ಲಿ ಭೇದವು ಶಿಕ್ಷೆಗಾಗಿ, ಇಲ್ಲಿ ಪರಿಹಾರಕ್ಕಾಗಿ. ಮದುವೆಯ ಮನೆಯಲ್ಲಿ ಬಾಗಿಲು ತೆರೆದಿದ್ದಾಗ ಪೆಟ್ಟಿಗೆಯಿಂದ ಬೋರಮಾಳವು ಮಾಯವಾದರೆ ಅದು ಸ್ತೇಯ. ಸಾಹಸವನ್ನು ಮಾತ್ರ ಹೊರುವ ಪತ್ರದಿಂದ ಬಿಡಿಗಾಸೂ ಬಾರದು.

ಔರಾದದ ಗೃಹಿಣಿಯೊಬ್ಬಳು ಒಡವೆಯನ್ನು ತೊಟ್ಟು ಬೀದರದ ಮದುವೆಗೆ ಹೊರಟಳೆಂದು ಭಾವಿಸೋಣ. ಬಸ್ಸಿನಲ್ಲಿ ಸರವು ಹರಿದು ಬಿದ್ದರೆ ಮನೆಯೊಳಗಿನ ವಸ್ತುಗಳಿಗೆ ಮಾತ್ರ ಅನ್ವಯಿಸುವ ಪತ್ರವು ಉಪಯೋಗಕ್ಕೆ ಬಾರದು. ತೊಟ್ಟಿರುವಾಗಲೂ ಪ್ರಯಾಣದಲ್ಲಿಯೂ ಆಗುವ ಆಕಸ್ಮಿಕ ನಷ್ಟವನ್ನು ಹೊರುವ ಸರ್ವಾಪಾಯ ವಿಮೆಯನ್ನು ಕೇಳಿ ಪಡೆಯಬೇಕು. ಅದರ ಕಂತು ಸಹಜವಾಗಿಯೇ ಹೆಚ್ಚು. ಅದರಲ್ಲಿಯೂ ಸವೆತ, ಪತ್ತಾರನ ಬಳಿ ತಿದ್ದಿಸುವಾಗ ಅಥವಾ ತೊಳೆಸುವಾಗ ಆದ ಹಾನಿ, ಮನೆಯವರೇ ಭಾಗಿಗಳಾದ ಕಳವು, ಹೇಗೆ ಹೋಯಿತೆಂದೇ ಹೇಳಲಾಗದ ಕಾಣೆಯಾಗುವಿಕೆ ಇವುಗಳನ್ನು ಸಾಮಾನ್ಯವಾಗಿ ಹೊರಗಿಟ್ಟಿರುತ್ತಾರೆ. ಆದುದರಿಂದ ಕಂತನ್ನು ಕಟ್ಟುವ ಮೊದಲು ‘ಸೇರದಿರುವ ವಿಷಯಗಳು’ ಎಂಬ ಪುಟವನ್ನು ಓದಬೇಕು.

ಇನ್ನೊಂದು ‘ಸರಾಸರಿ’ ನಿಯಮ. 10 ಲಕ್ಷ ಬೆಲೆಯ ಒಡವೆಗೆ 5 ಲಕ್ಷಕ್ಕೆ ಮಾತ್ರ ವಿಮೆಯಿದ್ದು, 2 ಲಕ್ಷದ ಒಡವೆ ಕಳವಾಯಿತೆನ್ನೋಣ. ಈ ನಿಯಮವಿರುವ ಪತ್ರದಲ್ಲಿ ದೊರೆಯುವುದು 1 ಲಕ್ಷ. ಉಳಿದ ಅರ್ಧಕ್ಕೆ ಒಡೆಯನೇ ತನಗೆ ತಾನು ವಿಮಾದಾರನೆಂದು ಎಣಿಕೆ. ಚಿನ್ನದ ಬೆಲೆ ಏರಿದಂತೆ ಹಳೆಯ ಮೊತ್ತವು ತಾನಾಗಿಯೇ ಕಡಿಮೆಯಾಗುತ್ತದೆ. ಆದಕಾರಣ ನವೀಕರಣದ ಕಾಲದಲ್ಲಿ ಪ್ರತಿಸಲವೂ ಬೆಲೆಯನ್ನು ಪರಿಷ್ಕರಿಸುವುದು ಅವಶ್ಯ.

6. ಪುರಾವೆಯ ಪ್ರಶ್ನೆ

ಇತಿಹಾಸದ ವಿದ್ಯಾರ್ಥಿಗೆ ಸಹಜವಾದ ಪ್ರಶ್ನೆಯೊಂದಿದೆ: ಇದ್ದುದಕ್ಕೆ ಆಧಾರವೇನು? ವಿಮಾಕಂಪನಿಯ ಸರ್ವೇಯರನೂ ಇದನ್ನೇ ಕೇಳುತ್ತಾನೆ. ಅಜ್ಜಿಯ ಕಾಲದಲ್ಲಿ ಪತ್ತಾರನು ಮನೆಯ ಪಡಸಾಲೆಯಲ್ಲಿ ಕುಳಿತು ಮಾಡಿಕೊಟ್ಟ ಪಾಟಲಿಗೆ ರಸೀದಿಯಿರುವುದಿಲ್ಲ. “ಐದು ತೊಲೆ” ಎಂಬ ಬಾಯಿಮಾತು ಮಾತ್ರ ಉಳಿದಿರುತ್ತದೆ. ಆ ತೊಲೆಯಾದರೂ ಯಾವುದು? ಹಳೆಯ ತೊಲೆಯು 11.66 ಗ್ರಾಂ, ಇಂದು ಅಂಗಡಿಗಳಲ್ಲಿ 10 ಗ್ರಾಮಿಗೂ ತೊಲೆಯೆನ್ನುವ ರೂಢಿಯುಂಟು. ಐದು ತೊಲೆಗೆ ವ್ಯತ್ಯಾಸವು 8 ಗ್ರಾಮಿಗೂ ಹೆಚ್ಚು.

ಹೊಸ ಒಡವೆಯ ಮಾತು ಸುಲಭ. ಹಾಲ್‌ಮಾರ್ಕ್ ಕಡ್ಡಾಯವಾದುದು 2021ರ ಜೂನ್ 16ರಿಂದ, ಹಂತಹಂತವಾಗಿ. 2023ರ ಏಪ್ರಿಲ್ 1ರ ತರುವಾಯ ಹಾಲ್‌ಮಾರ್ಕಿನ ಒಡವೆಯ ಮೇಲೆ ಆರು ಅಕ್ಷರಾಂಕಗಳ ಪ್ರತ್ಯೇಕ ಗುರುತಿರಬೇಕೆಂದಾಯಿತು. ಈ ಗುರುತು ಒಡವೆಯ ಹೆಸರಿದ್ದಂತೆ. ಅದನ್ನು ರಸೀದಿಯೊಡನೆ ಬರೆದಿಡಬೇಕು. ಹಳೆಯ ಒಡವೆಯನ್ನು ಅಧಿಕೃತ ಮೌಲ್ಯಮಾಪಕರಿಂದ ತೂಗಿಸಿ, ಶುದ್ಧತೆ ಮತ್ತು ಬೆಲೆಗಳ ಪತ್ರವನ್ನು ಪಡೆದು, ಎರಡು ಮಗ್ಗುಲಿನ ಛಾಯಾಚಿತ್ರ ತೆಗೆಸಿ, ಪ್ರತಿಗಳನ್ನು ಒಡವೆಯಿರುವ ಪೆಟ್ಟಿಗೆಯಲ್ಲಿಡದೆ ಬೇರೆ ಕಡೆ ಇಡಬೇಕು.

ಕೆಲವು ವಸ್ತುಗಳ ಬೆಲೆಯು ಲೋಹದ ತೂಕದಲ್ಲಿಲ್ಲ. ಬೀದರದ ಬಿದರಿ ಕೆಲಸವು ಇದಕ್ಕೆ ಉತ್ತಮ ನಿದರ್ಶನ. ಸತುವು ತಾಮ್ರಗಳ ಎರಕದ ಮೇಲೆ ಬೆಳ್ಳಿಯ ತಂತಿ ತಗಡುಗಳನ್ನು ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪುಗೊಳಿಸಿದ ಹಳೆಯ ಹುಕ್ಕಾದ ಬುರುಡೆಯನ್ನೋ ಪಾನದಾನವನ್ನೋ ಬೆಳ್ಳಿಯ ತೂಕದಿಂದ ಬೆಲೆಕಟ್ಟಿದರೆ ಕೆಲವು ಗ್ರಾಮಿನ ಬೆಲೆ ಬಂದೀತು. ಕೈಗೆಲಸಕ್ಕೂ ಪ್ರಾಚೀನತೆಗೂ ಬೆಲೆ ಬೇಕಾದರೆ ಮೊದಲೇ ಒಪ್ಪಿದ ಬೆಲೆಯ ವಿಮೆಯೇ ತಕ್ಕದ್ದು. ಪುತಳಿ ಸರದ ಹಳೆಯ ಪುತಳಿಗಳಿಗೂ ಈ ಮಾತು ಸಲ್ಲುತ್ತದೆ.

ಪಟ್ಟಿ ಮಾಡಿದರೆ ಆದಾಯತೆರಿಗೆಯವರ ಕಾಟವಾದೀತೆಂಬ ಅಂಜಿಕೆಯಿಂದ ಅನೇಕರು ಹಿಂಜರಿಯುತ್ತಾರೆ. ಶೋಧನೆಯ ಕಾಲದಲ್ಲಿ ವಿವಾಹಿತ ಸ್ತ್ರೀಗೆ 500, ಅವಿವಾಹಿತ ಸ್ತ್ರೀಗೆ 250, ಪುರುಷನಿಗೆ 100 ಗ್ರಾಮಿನವರೆಗಿನ ಒಡವೆಯನ್ನು ವಶಪಡಿಸಿಕೊಳ್ಳಬಾರದೆಂದು 1994ರ ಮೇ 11ರಂದೇ ನೇರ ತೆರಿಗೆ ಮಂಡಳಿಯು ಸೂಚನೆ ಕೊಟ್ಟಿತು. ನ್ಯಾಯವಾಗಿ ಬಂದ ಒಡವೆಗೆ ದಾಖಲೆಯು ರಕ್ಷಣೆಯೇ ಹೊರತು ಅಪಾಯವಲ್ಲ.

7. ಯಾರ ಹೆಸರಿನಲ್ಲಿ?

ಸೊತ್ತಿನಲ್ಲಿ ಹಿತಸಂಬಂಧವುಳ್ಳವರು ಮಾತ್ರ ಅದಕ್ಕೆ ವಿಮೆ ಮಾಡಿಸಬಹುದು. ಮನೆಯ ಒಡವೆಯ ಒಡೆತನ ಯಾರದು? ವಿಜ್ಞಾನೇಶ್ವರನು ಸ್ತ್ರೀಧನದ ಅರ್ಥವನ್ನು ವಿಸ್ತರಿಸಿ, ದಾಯದಿಂದ, ಕ್ರಯದಿಂದ, ವಿಭಾಗದಿಂದ ಬಂದುದನ್ನೂ ಅದರಲ್ಲಿ ಸೇರಿಸಿದನು. ಸ್ತ್ರೀಧನವು ಹೆಂಡತಿಯ ಸ್ವಂತ ಸೊತ್ತೇ ಹೊರತು, ಮದುವೆಯ ಮಾತ್ರದಿಂದ ಗಂಡನ ಮನೆಯ ಜಂಟಿ ಸೊತ್ತಾಗುವುದಿಲ್ಲವೆಂದು 1985ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸ್ಪಷ್ಟಪಡಿಸಿತು. ಮುಸ್ಲಿಂ ಮನೆಗಳಲ್ಲಿ ಮಹರ್ ಹೆಣ್ಣಿನ ಸ್ವಂತ ಹಕ್ಕು. ಹೀಗಿರುವಾಗ ಗಂಡನ ಹೆಸರನ್ನು ಮಾತ್ರ ಬರೆದ ಪತ್ರವು ನಷ್ಟಕಾಲದಲ್ಲಿ ತಕರಾರಿಗೆ ದಾರಿಮಾಡೀತು. ಒಡವೆಯ ಒಡತಿಯ ಹೆಸರನ್ನು ಪತ್ರದಲ್ಲಿ ಕಾಣಿಸುವುದು ನ್ಯಾಯವೂ ಹೌದು, ವಿವೇಕವೂ ಹೌದು.

8. ನಷ್ಟವಾದ ಮೇಲೆ

ಕಳವು ತಿಳಿದೊಡನೆ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಪಡೆಯಬೇಕು; ಕಂಪನಿಗೆ ತಡಮಾಡದೆ ಬರೆಹದಲ್ಲಿ ತಿಳಿಸಬೇಕು; ಮುರಿದ ಬೀಗ, ಕದಗಳನ್ನು ಪರೀಕ್ಷೆಯಾಗುವವರೆಗೆ ತಿದ್ದಿಸಬಾರದು. ದೂರಿನಲ್ಲಿಯ ಪಟ್ಟಿಯೂ ವಿಮಾಪತ್ರದ ಪಟ್ಟಿಯೂ ಒಂದೇ ಆಗಿರಬೇಕು. ಕಳ್ಳನು ಸಿಕ್ಕದಿದ್ದರೆ ಪತ್ತೆಯಾಗಲಿಲ್ಲವೆಂಬ ಪೊಲೀಸರ ಅಂತಿಮ ವರದಿಯನ್ನೂ ಕಂಪನಿಯು ಕೇಳುವುದುಂಟು. ತೀರ್ಮಾನವು ಅನ್ಯಾಯವೆನಿಸಿದರೆ ಮೊದಲು ಕಂಪನಿಗೆ ಲಿಖಿತ ದೂರು ಸಲ್ಲಿಸಿ, ಅನಂತರ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ಮೊರೆಯಿಡಬಹುದು. ಜಿಲ್ಲಾ ಗ್ರಾಹಕ ಆಯೋಗದ ದಾರಿಯೂ ಉಂಟು.

ಪರಿಹಾರದ ಹಣ ಕೈಸೇರಿದ ಮೇಲೆ ಕಳವಾದ ಒಡವೆ ಸಿಕ್ಕಿದರೆ ಅದರ ಮೇಲಿನ ಹಕ್ಕು ಕಂಪನಿಗೆ ಸಲ್ಲುತ್ತದೆ. ಒಂದೇ ನಷ್ಟಕ್ಕೆ ಎರಡು ಸಲ ಪರಿಹಾರವಿಲ್ಲ. ಅಜ್ಜಿಯ ಬೋರಮಾಳವೇ ಬೇಕೆನ್ನುವವರು ಪಡೆದ ಹಣವನ್ನು ಹಿಂದಿರುಗಿಸಿ ಅದನ್ನು ಪಡೆಯುವ ಮಾತನ್ನು ಕಂಪನಿಯೊಡನೆ ಕೂಡಲೆ ಆಡಬೇಕು. ವಿಮೆಯು ಬೆಲೆಯನ್ನು ತುಂಬಿಕೊಡುತ್ತದೆ, ನೆನಪನ್ನು ತುಂಬಿಕೊಡಲಾರದು.

9. ಉಪಸಂಹಾರ

ಮೇಲಿನ ವಿಚಾರದಿಂದ ಹೊರಡುವ ತಾತ್ಪರ್ಯವಿಷ್ಟು. ಅರಸ, ಊರು, ನ್ಯಾಸಧಾರಿ, ಬ್ಯಾಂಕು, ವಿಮಾಕಂಪನಿ ಎಂದು ಹೊಣೆಗಾರರು ಕಾಲಕಾಲಕ್ಕೆ ಬದಲಾಗಿದ್ದಾರೆ. ನಷ್ಟವನ್ನು ಹಲವರಿಗೆ ಹಂಚುವ ತತ್ತ್ವವು ಬದಲಾಗಿಲ್ಲ. ಮಿತಾಕ್ಷರೆಯ ಕಾಲದಲ್ಲಿ ಐದು ಅಥವಾ ಹತ್ತು ಊರುಗಳು ಹೊತ್ತ ಭಾರವನ್ನು ಇಂದು ಒಬ್ಬರನ್ನೊಬ್ಬರು ಕಾಣದ ಲಕ್ಷಾಂತರ ಕಂತುದಾರರು ಹೊರುತ್ತಾರೆ. ಬದಲಾಗದ ಇನ್ನೊಂದು ಸಂಗತಿಯೆಂದರೆ, ಎಣಿಸಿ ತೋರಿಸಿ ಇಟ್ಟ ಸೊತ್ತಿನ ವಾದಕ್ಕಿರುವ ಬಲವು ಮುದ್ರೆಯೊತ್ತಿದ ಭರಣಿಯ ವಾದಕ್ಕೆ ಎಂದಿಗೂ ಇಲ್ಲ.

ಆದುದರಿಂದ ವಿಮೆಯನ್ನು ಮಾಡಿಸುವವರೂ ಮಾಡಿಸದವರೂ ಮೊದಲು ಮಾಡಬೇಕಾದ ಕೆಲಸವೊಂದೇ: ಮನೆಯ ಒಡವೆಗಳ ಹೆಸರು, ತೂಕ, ಗುರುತು, ಬಂದ ಬಗೆ, ಒಡತಿಯ ಹೆಸರು ಇವುಗಳ ಪಟ್ಟಿ. ಬೀದರ, ಭಾಲ್ಕಿ, ಔರಾದಗಳ ನಮ್ಮ ವಿದ್ಯಾರ್ಥಿಗಳು ರಜೆಯಲ್ಲಿ ತಮ್ಮ ಮನೆಯ ಹಿರಿಯ ಹೆಂಗಸರ ಬಳಿ ಕುಳಿತು ಇದನ್ನು ಬರೆದರೆ ಕುಟುಂಬಕ್ಕೆ ರಕ್ಷಣೆಯಾಗುತ್ತದೆ. ಚರಿತ್ರೆಗೂ ಲಾಭವುಂಟು. ಕರಗಿಸಿ ಹೊಸದು ಮಾಡಿಸಿದ ಒಡವೆಯ ಹಿಂದಿನ ರೂಪವನ್ನು ತಿಳಿಯಲು ಮುಂದಿನವರಿಗೆ ಆ ಪಟ್ಟಿಯ ಹೊರತು ಬೇರೆ ಆಧಾರವಿರಲಾರದು.